ಪೆಟ್ರೋಲ್ ಖರ್ಚು ಕೊಡ್ತೀನಿ ಅಂದವನ ಸಾವಿಗೆ ಹೊಣೆ ಯಾರು?

ಮಾನ್ಯ ವಿಮಾನ ಅಪಘಾತ ವಿಚಾರಣಾಧಿಕಾರಿಗಳೇ,

ನನ್ನ ಮಗ ಸತ್ತು ಹದಿನಾಲ್ಕು ತಿಂಗಳಾಯಿತು. ಅವನ ಸಾವಿಗೆ ಯಾರೂ ಹೊಣೆಯಲ್ಲ ಎಂದು ತಾವು ತೊಂಬತ್ತಾರು ಪುಟಗಳಲ್ಲಿ ಬರೆದಿದ್ದೀರಿ. ಯಾರೂ ಅಲ್ಲ ಎನ್ನಲು ಅಷ್ಟು ಪುಟ ಬೇಕಾಯಿತೇ? ಒಂದು ಸಾಲು ಸಾಕಿತ್ತು, ಕಾಗದವಾದರೂ ಉಳಿಯುತ್ತಿತ್ತು.

ಈ ಬಹಿರಂಗ ಪತ್ರ ಓದುವ, ವಿಷಯ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನನ್ನ ಮಗ ಫುಟ್‌ಬಾಲ್ ಗೋಲ್‌ಕೀಪರ್. ಹಳೆಯ ಕ್ಲಬ್ ಅವನನ್ನು ಹೊಸ ಕ್ಲಬ್ಬಿಗೆ ಮಾರಿತು. ಆ ಆಟದಲ್ಲಿ ಮನುಷ್ಯರನ್ನು ಮಾರುತ್ತಾರೆ, ಹಾಗೆನ್ನಲು ಯಾರಿಗೂ ಸಂಕೋಚವಿಲ್ಲ. ಸೋಮವಾರ ಸಹಿ ಹಾಕಿದ. ಮಂಗಳವಾರ ಬೆಳಿಗ್ಗೆ ಅಭ್ಯಾಸಕ್ಕೆ ಬರಲೇಬೇಕೆಂದು ಹೊಸ ಕ್ಲಬ್ ಹೇಳಿತು. ಕ್ಲಬ್ಬುಗಳ ಜೊತೆ ಅವನ ವ್ಯವಹಾರ ಕುದುರಿಸುತ್ತಿದ್ದ ಏಜೆಂಟ್ ತನಗೆ ಪರಿಚಯವಿದ್ದ ಪೈಲಟ್ ಒಬ್ಬನ ಪುಟ್ಟ ವಿಮಾನ ಗೊತ್ತುಮಾಡಿದ. ಆ ಪೈಲಟ್‌ಗೆ ಬಾಡಿಗೆಗೆ ಜನರನ್ನು ಒಯ್ಯುವ ಪರವಾನಗಿ ಇರಲಿಲ್ಲ. ವಿಮಾನ ಸಮುದ್ರಕ್ಕೆ ಬಿತ್ತು. ಇಬ್ಬರೂ ಹೋದರು.

ಮೂರು ವಾರದೊಳಗೆ ಎರಡೂ ಕ್ಲಬ್ಬುಗಳು ಅವನ ಬೆಲೆಗಾಗಿ ಕೋರ್ಟು ಹತ್ತಿದವು. ಮಾರಿಯಾಗಿದೆ, ದುಡ್ಡು ಕೊಡಿ ಎಂದಿತು ಹಳೆಯದು. ನಮ್ಮ ದಾಖಲೆಗೆ ಹೆಸರು ಇನ್ನೂ ಏರಿರಲಿಲ್ಲ, ಅವನು ನಮ್ಮವನೇ ಅಲ್ಲ ಎಂದಿತು ಹೊಸದು. ಹಾಗಾದರೆ ಮಂಗಳವಾರ ಬೆಳಿಗ್ಗೆ ಬಾ ಎಂದು ಕರೆದದ್ದು ಯಾರನ್ನು ಸ್ವಾಮಿ?

ಈಗ ತಮ್ಮ ವರದಿಯ ಅರವತ್ತೊಂದನೇ ಪುಟ. ವಿಮಾನ ಹತ್ತುವ ಮುಂಚೆ ಮಗ ಏಜೆಂಟನಿಗೆ ಕಳಿಸಿದ ಸಂದೇಶ ಅಲ್ಲಿದೆ: "ಅಣ್ಣಾ, ತುಂಬಾ ಥ್ಯಾಂಕ್ಸ್. ಪೆಟ್ರೋಲ್ ಖರ್ಚು ನಾನೇ ಕೊಡ್ತೀನಿ, ಬೇಡ ಅನ್ಬೇಡಿ." ಈ ಒಂದು ಮಾತು ಹಿಡಿದುಕೊಂಡು ಎಲ್ಲರೂ ದಡ ಸೇರಿದರು. ಖರ್ಚು ತಾನೇ ಕೊಡುತ್ತೇನೆಂದ ಮೇಲೆ ಅದು ಅವನ ಸ್ವಂತ ಪ್ರಯಾಣ, ನಮಗೆ ಸಂಬಂಧವಿಲ್ಲ ಎಂದಿತು ಹೊಸ ಕ್ಲಬ್. ಖರ್ಚು ಕೊಡುತ್ತೇನೆಂದ ಮೇಲೆ ಅದು ಬಾಡಿಗೆ ಪ್ರಯಾಣ, ಪೈಲಟ್‌ಗೆ ಅದಕ್ಕೆ ಪರವಾನಗಿಯಿಲ್ಲ, ಆದ್ದರಿಂದ ವಿಮೆಯಿಲ್ಲ ಎಂದಿತು ಆ ವಿಮಾನದ ವಿಮಾ ಕಂಪನಿ. ತಾನು ಬರೀ ಉಪಕಾರ ಮಾಡಿದೆ ಎಂದ ಏಜೆಂಟ್. ತಾವು ಎಲ್ಲರದನ್ನೂ ಒಪ್ಪಿದಿರಿ. ತಮ್ಮ ಉದಾರ ಮನಸ್ಸಿಗೆ ನಾನೇನು ಹೇಳಲಿ.

ನಾನು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಒಮ್ಮೆ ನನ್ನ ಬಸ್ಸಿನ ಮೆಟ್ಟಿಲಿಂದ ಮುದುಕರೊಬ್ಬರು ಜಾರಿ ಬಿದ್ದರು. ಅವರ ಕಾಲಿಗೆ ಪಟ್ಟಿ ಕಟ್ಟುವ ಮೊದಲೇ ನನ್ನನ್ನು ಸಸ್ಪೆಂಡ್ ಮಾಡಿದ್ದರು. ಅವರು ಟಿಕೆಟ್ಟನ್ನೂ ತೆಗೆದುಕೊಂಡಿರಲಿಲ್ಲ. ಆದರೂ ನನಗದು ಅನ್ಯಾಯ ಅನ್ನಿಸಲಿಲ್ಲ. ಅವರನ್ನು ಹತ್ತಿಸಿಕೊಂಡವನು ನಾನು. ಯಾರ ಗಾಡಿಯಲ್ಲೂ ಬಿಟ್ಟಿ ಕೂರಬಾರದೆಂದು ಮಗನಿಗೆ ಕಲಿಸಿದವನೂ ನಾನೇ. ಅವನು ಶಾಲೆಗೆ ಹೋಗುವಾಗ ನನ್ನ ಬಸ್ಸಿನಲ್ಲೇ ಟಿಕೆಟ್ ಹರಿದು ಕೊಡುತ್ತಿದ್ದೆ. "ಏನಯ್ಯಾ, ಸ್ವಂತ ಮಗನ ಹತ್ರಾನೂ ವಸೂಲಿನಾ?" ಎಂದು ಡ್ರೈವರ್ ನಗುತ್ತಿದ್ದ.

ತಮ್ಮ ಮುಂದೆ ಸಾಕ್ಷಿ ಹೇಳಿದ ದಿನ ನಮ್ಮ ವಕೀಲರು ಮೆಲ್ಲಗೆ ಕೇಳಿದರು: "ಯಜಮಾನ್ರೇ, ಖರ್ಚು ಕೊಡ್ತೀನಿ ಅಂತ ಹುಡುಗ ಸುಮ್ನೆ ಬಾಯಿಮಾತಿಗೆ ಅಂದಿರಬಹುದಲ್ವಾ?"

"ಇಲ್ಲ ಸಾರ್. ನನ್ನ ಮಗ ಕೊಡ್ತೀನಿ ಅಂದ್ರೆ ಕೊಟ್ಟೇ ಕೊಡ್ತಾನೆ," ಎಂದೆ.

ಎದೆಯುಬ್ಬಿಸಿಕೊಂಡೇ ಹೇಳಿದೆ. ತಾವು ತಲೆಯೆತ್ತದೆ ಬರೆದುಕೊಂಡಿರಿ. ವಕೀಲರ ಮುಖ ಇಳಿದದ್ದು ನೋಡಿದ ಮೇಲೆಯೇ ನನಗೆ ತಿಳಿದದ್ದು: ಬಾಯಿಮಾತು ಎಂದಿದ್ದರೆ ಅದು ಬಾಡಿಗೆ ಆಗುತ್ತಿರಲಿಲ್ಲ, ವಿಮೆಯ ದುಡ್ಡಾದರೂ ಸಿಗುತ್ತಿತ್ತು. ಹೊರಗೆ ಬಂದಾಗ ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಕೇಳಿದಳು: "ಮಾವಾ, ನಿಮ್ಮ ಮಗನ್ನ ಹೊಗಳೋಕೆ ನಿಮಗೆ ಬೇರೆ ಜಾಗ ಸಿಗ್ಲಿಲ್ವಾ?" ಅವಳೀಗ ಬಟ್ಟೆ ಅಂಗಡಿಯಲ್ಲಿ ದಿನಕ್ಕೆ ಹತ್ತು ತಾಸು ನಿಲ್ಲುತ್ತಾಳೆ. ನನ್ನ ಹೆಂಡತಿ ಊಟ ಬಡಿಸಿ ಒಳಗೆ ಹೋಗಿಬಿಡುತ್ತಾಳೆ.

ವರದಿಯ ಮರುಪರಿಶೀಲನೆ ಕೋರಲು ಇನ್ನು ಹನ್ನೊಂದು ದಿನ ಉಳಿದಿವೆ. ಅವನನ್ನು ಕರೆಸಿಕೊಂಡವರು ಯಾರು, ಆ ವಿಮಾನಕ್ಕೆ ಹತ್ತಿಸಿದವರು ಯಾರು, ಇಷ್ಟನ್ನು ಬರೆಯಿರಿ. ತಾವು ಬರೆಯುವುದಿಲ್ಲವೆಂದು ನನಗೆ ಗೊತ್ತು. ಹಾಗಿದ್ದರೆ ನನ್ನ ಹೇಳಿಕೆಯನ್ನಾದರೂ ಕಡತದಿಂದ ತೆಗೆಯಿರಿ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಆದರೂ ತೆಗೆಯಿರಿ.

ಇಂತಿ,
ಮಗನ ವಿರುದ್ಧ ನಿಜ ಹೇಳಿ ಬಂದ ತಂದೆ,
ತಮ್ಮ ಕಡತದಲ್ಲಿ ಸಾಕ್ಷಿ ನಂಬರ್ ಆರು