ಮಡಿಲಕ್ಕಿ ಹಾಕಿ ಕೊಟ್ಟ ಶಾಲೆ

ಬೂದಿಕೋಟೆ
19 ಆಗಸ್ಟ್ 1987

ಕೋದಂಡ,

ನಾನು ಕ್ಷೇಮ. ನಿನ್ನ ಕ್ಷೇಮವನ್ನು ಕೇಳಬೇಕಾಗಿಲ್ಲ, ನಿನ್ನ ಕಾಗದದ ದಪ್ಪ ಹಾಳೆಯೇ ಹೇಳುತ್ತದೆ. ಉತ್ತರ ತಡವಾಯಿತು. ಕಾರಣವಿದೆ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ಉಳಿದದ್ದಕ್ಕೆ ಕೈ ಓಡುವುದಿಲ್ಲ.

“ಸಹಯೋಗ ಯೋಜನೆಯಿಂದ ತಮ್ಮ ಹೈಸ್ಕೂಲಿಗಾದ ಲಾಭದ ಬಗ್ಗೆ ಒಂದು ಪುಟ ಬರೆದು ಕಳಿಸಿ” ಎಂದಿದ್ದೀಯ. ತಮ್ಮ! ಕಳಿಸಿ! ಹಾಸ್ಟೆಲಿನಲ್ಲಿ ನನ್ನ ಚಾಪೆಯಲ್ಲೇ ಮಲಗಿದವನು, ಬಂಗಾರಪೇಟೆ ಸ್ಟೇಷನ್ ಮುಂದೆ ನನ್ನ ಹೆಗಲೇರಿ ಧಿಕ್ಕಾರ ಕೂಗಿದವನು, ವಿಶ್ವವಿದ್ಯಾಲಯದ ಸಂಯೋಜಕನಾದ ಮೇಲೆ ನನಗೆ ಬಹುವಚನ ಹಚ್ಚುತ್ತಿದ್ದೀಯ. ಇರಲಿ. ಲಾಭ ಬರೆಯುತ್ತೇನೆ, ಓದಿಕೋ.

ವಿಶ್ವವಿದ್ಯಾಲಯ ಮೈಕ್ರೋಸ್ಕೋಪ್ ಕೊಟ್ಟಿತು. ಕೆ.ಜಿ.ಎಫ್.ನ ನಿಮ್ಮ ಜೊತೆಗಾರ ಕಾಲೇಜು ಬೀಗ ಕೊಟ್ಟಿತು. ನಾವು ಬೀರು ಕೊಟ್ಟೆವು. ಹಳ್ಳಿ ಮಕ್ಕಳು ಮುಟ್ಟಿ ಕೆಡಿಸುತ್ತಾರೆಂದು ಕಾಲೇಜಿನವರು ಬೀಗದ ಕೈ ಒಯ್ದರು. ಸಹಯೋಗ ಎಂದರೆ ಅಷ್ಟೇ ತಾನೆ? ನಮ್ಮ ಮಕ್ಕಳು ಬೀರುವಿನ ಸಂದಿಗೆ ಒಂದು ಕಣ್ಣು ಒತ್ತಿ ಇಣುಕುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೋಡುವ ಕ್ರಮವೇ ಅದು ಎಂದುಕೊಂಡಿದ್ದಾರೆ.

ಉದ್ಘಾಟನೆಯ ದಿನ ನಿನಗೆ ನೆನಪಿದೆಯೋ ಇಲ್ಲವೋ. ನಗರದಿಂದ ಬಂದ ವಿಶ್ವವಿದ್ಯಾಲಯದ ನಿಮ್ಮ ಮೇಡಂ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದನ್ನು ಕನ್ನಡ ಮಾಡಿದವನು ನೀನು. “ಇವತ್ತಿನಿಂದ ಈ ಶಾಲೆಯನ್ನು ನಾವು ದತ್ತು ತೆಗೆದುಕೊಂಡಿದ್ದೇವೆ. ಇಲ್ಲಿ ಪಾಸಾದ ಮಕ್ಕಳಿಗೆ ನಮ್ಮ ಕೆ.ಜಿ.ಎಫ್. ಕಾಲೇಜಿನ ಬಾಗಿಲು ಸದಾ ತೆರೆದಿರುತ್ತದೆ.” ಚಪ್ಪಾಳೆ ಬಿತ್ತು. ನಿನ್ನನ್ನು ನೋಡಲೆಂದೇ ಕೋಲೂರಿಕೊಂಡು ಬಂದಿದ್ದ ನಮ್ಮವ್ವ, ಬಾಗಿಲ ಪಕ್ಕ ಕೂತು ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಚಪ್ಪಾಳೆ ತಟ್ಟದವಳು ನಮ್ಮ ಕೇರಿಯ ಮುತ್ಯಾಲಮ್ಮ ಒಬ್ಬಳೇ. ನಿನ್ನ ಮಾತು ಮುಗಿಯುವ ಮೊದಲೇ ಅವಳು ಎದ್ದು ಮನೆಗೆ ಓಡಿದ್ದಳು. ವಾಪಸು ಬಂದಾಗ ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಹಸಿರು ಬಳೆ. ಹತ್ತನೇ ಕ್ಲಾಸಿನ ಮಗಳು ಗಂಗರತ್ನಳನ್ನು ಎಳೆದುಕೊಂಡು ಸೀದಾ ವೇದಿಕೆ ಹತ್ತಿದಳು.

“ಮೊಗಾನ ದತ್ತು ತಗೊಳೋ ತಾಯಿ ಮಡ್ಲು ಬರಿದಾಗಿರಬಾರ್ದು ಕಣವ್ವಾ. ಸೆರಗು ಒಡ್ಡು.”

ಮೇಡಂ ನಿನ್ನ ಮುಖ ನೋಡಿದರು. ನೀನು ನಕ್ಕು ಹೇಳಿದೆ: “ಇಲ್ಲಿಯ ಜಾನಪದ, ಮೇಡಂ. ಒಂದು ಫೋಟೋ ತೆಗೆಸೋಣ.”

ಜಾನಪದವಂತೆ! ನೀನು ಹುಟ್ಟಿ ಬೆಳೆದ ಕೇರಿ ಕಣೋ ಅದು. ಮೇಡಂ ಸೆರಗು ಒಡ್ಡಿದರು, ಫೋಟೋ ತೆಗೆದದ್ದಾಯಿತು, ಅಕ್ಕಿಯನ್ನು ನೀನು ಡ್ರೈವರನ ಟವೆಲ್ಲಿಗೆ ಸುರಿದೆ. ಅವ್ವ ನಿನ್ನ ಕಡೆಗೆ ಕೈ ಎತ್ತಿದಳು. ನಿನಗೆ ಜೀಪು ಹತ್ತುವ ಅವಸರ.

ಫೋಟೋ ನಿಮ್ಮದಾಯಿತು. ಮುತ್ಯಾಲಮ್ಮನ ಪಾಲಿಗೆ ಮಾತ್ರ ಮಡಿಲು ತುಂಬಿದ ಮೇಲೆ ಮಗಳನ್ನು ಕೊಟ್ಟಂತೆಯೇ. ಬೇಸಿಗೆಯಲ್ಲಿ ಕ್ಯಾಸಂಬಳ್ಳಿಯಿಂದ ಹೆಣ್ಣು ಕೇಳಲು ಬಂದರು. ಹುಡುಗನಿಗೆ ಹಾಲಿನ ಡೇರಿಯಲ್ಲಿ ಕೆಲಸ. ಇವಳು ನೀರು ಕೊಟ್ಟು ಕೂರಿಸಿ ಹೇಳಿದಳು: “ನಮ್ದೇನೂ ಇಲ್ಲ ಕಣಪ್ಪಾ. ಮೊಗಾನ ದತ್ತು ಕೊಟ್ಟಿದೀವಿ. ಕೇಳೋದಾದ್ರೆ ಇನಿವರ್ಸಿಟಿಯೋರ್ನ ಕೇಳ್ಬೇಕು.” ಬಂದವರು ಇವಳಿಗೆ ತಲೆ ಕೆಟ್ಟಿದೆ ಎಂದು ಎದ್ದು ಹೋದರು.

ಗಂಗರತ್ನ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಬಂಗಾರಪೇಟೆ ಕಾಲೇಜಿಗೂ ಒಂದು ಅರ್ಜಿ ಹಾಕೋಣ ಎಂದೆ. ಮುತ್ಯಾಲಮ್ಮ ನನಗೇ ರೇಗಿದಳು. “ಸಾಕ್ತೀವಿ ಅಂದೋರು ಇರೋವಾಗ ಇನ್ನೊಬ್ರ ಬಾಗ್ಲು ತಟ್ಟೋದಾ ಮೇಷ್ಟ್ರೇ? ಅವ್ರಿಗೆ ಅವಮಾನ ಆಗಾಕಿಲ್ವಾ?” ನಿಮ್ಮ ಅವಮಾನದ ಚಿಂತೆ ಕೋದಂಡ, ಅವಳಿಗೆ!

ಕೆ.ಜಿ.ಎಫ್. ಕಾಲೇಜಿಗೆ ನಾನೇ ಕರೆದುಕೊಂಡು ಹೋದೆ. ಮುತ್ಯಾಲಮ್ಮ ಆಫೀಸಿನ ಕಿಟಕಿಯಲ್ಲಿ ನಿಂತು, “ದತ್ತು ಕೊಟ್ಟಿದ್ವಲ್ಲ ಸಾಮಿ, ಆ ಮೊಗ ಬಂದೈತೆ” ಎಂದಳು. ಗುಮಾಸ್ತ ಪಕ್ಕದವನಿಗೆ ತಮಿಳಿನಲ್ಲಿ ಹೇಳಿ ನಕ್ಕ. ಆಮೇಲೆ ಕನ್ನಡದಲ್ಲಿ ವಿವರಿಸಿದ.

“ದತ್ತು ತಗೊಂಡಿರೋದು ಸ್ಕೂಲ್ನ ಕಣಮ್ಮ, ಮಕ್ಕಳ್ನಲ್ಲ. ಕೋದಂಡಪ್ಪೋರೇ ಹೇಳವ್ರೆ, ಹಂಗೆ ಯಾರಾದ್ರೂ ಬಂದ್ರೆ ಸೀಟು ಗೀಟು ಇಲ್ಲ ಅನ್ನಿ ಅಂತ.”

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. “ಮಕ್ಕಳ್ ಬಿಟ್ಟು ಸ್ಕೂಲು ಅಂದ್ರೆ ಏನ್ ಸಾಮಿ? ಗ್ವಾಡೆನಾ?”

ಗುಮಾಸ್ತ ಕಿಟಕಿ ಮುಚ್ಚಿದ. ಅಲ್ಲಿಂದ ಬಂಗಾರಪೇಟೆಗೆ ಓಡಿದೆವು; ಅಲ್ಲಿ ಸೈನ್ಸ್ ಸೀಟು ಭರ್ತಿಯಾಗಿ ಹೋಗಿತ್ತು. ಫಸ್ಟ್ ಕ್ಲಾಸ್ ಹುಡುಗಿ ಈಗ ಕ್ಯಾಸಂಬಳ್ಳಿಯ ತೋಟಗಳಲ್ಲಿ ಟೊಮೆಟೊ ಕೀಳುತ್ತಿದ್ದಾಳೆ. ಈ ಲಾಭವನ್ನು ನಿನ್ನ ವರದಿಯಲ್ಲಿ ಬರೆದುಕೋ. ಫೋಟೋ ಹೇಗೂ ಇದೆ.

ಒಂದು ಕಾಲಕ್ಕೆ ನಾವು ಮೇಲಿನವರನ್ನು ಬಯ್ಯುತ್ತಿದ್ದೆವು, ಅವರು ನಮಗೆ ಬಾಗಿಲು ಹಾಕುತ್ತಾರೆಂದು. ಅವರು ಹಾಕುವಾಗ ಮುಖಕ್ಕೇ ಹಾಕುತ್ತಿದ್ದರು, ನಮಗೂ ಎದುರು ನಿಂತು ಒದೆಯಲು ಬರುತ್ತಿತ್ತು. ನೀನು ಬಾಗಿಲು ತೆರೆದಿದೆ ಎಂದು ಮೈಕಿನಲ್ಲಿ ಹೇಳಿ, ಹಿಂದಿನಿಂದ ಗುಮಾಸ್ತನ ಕಿವಿಯಲ್ಲಿ ಮುಚ್ಚು ಎಂದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಸರಿಸಮನ ಮೇಲೆ ಬರುವಂಥದ್ದು.

ಮುತ್ಯಾಲಮ್ಮ ಮಾತ್ರ ಈಗಲೂ ನಿನ್ನನ್ನು ಬಯ್ಯುವುದಿಲ್ಲ. “ಮರ್ತವ್ನೆ ಅಷ್ಟೇಯ. ನಮ್ ಕೇರಿ ಮೊಗ, ಗೆಪ್ತಿ ಮಾಡುದ್ರೆ ಬತ್ತಾನೆ” ಎನ್ನುತ್ತಾಳೆ. ಬಾ. ಒಂದು ಸಲ ಅವಳ ಎದುರು ನಿಂತು, ದತ್ತು ಎಂದದ್ದು ಬರೀ ಮಾತಿಗೆ ಎಂದು ನಿನ್ನ ಬಾಯಿಂದಲೇ ಹೇಳಿ ಹೋಗು. ಹಾಗಾದರೂ ಮಗಳು ಮತ್ತೆ ತನ್ನವಳೆಂದು ಅವಳಿಗೆ ಅನ್ನಿಸಲಿ. ಬರುವ ವರ್ಷ ಬಂಗಾರಪೇಟೆಗೆ ಅರ್ಜಿ ಹಾಕಲು ಒಪ್ಪಲಿ.

ನಿನ್ನ ಯೋಜನೆ ಬೆಳೆಯಲಿ. ಇನ್ನೂ ಬೇಕಾದಷ್ಟು ಗೋಡೆಗಳನ್ನು ದತ್ತು ತೆಗೆದುಕೊಂಡು ತಣ್ಣಗಿರು.

ನಿನ್ನ ಹಳೆಯ
ಸೀನಪ್ಪ

ಮರೆತು ಉಳಿದದ್ದಲ್ಲ, ಕೈ ಬಾರದೆ ಉಳಿದದ್ದು: ನಿನ್ನ ಕಾಗದ ಬಂದ ವಾರವೇ ಅವ್ವ ಹೋದಳು. ನೀನು ಇಲ್ಲೇ ಕೆ.ಜಿ.ಎಫ್.ನ ಉರಿಗಾಂನಲ್ಲಿ ಸಹಯೋಗದ ಸಭೆ ನಡೆಸುತ್ತಿದ್ದ ದಿನ, ಅವಳಿಗೆ ಕಾಯಿಲೆ ಜೋರಾಗಿದೆ ಎಂದು ನಮ್ಮ ಕೇರಿಯ ಸುಬ್ಬರಾಯಪ್ಪನ ಕೈಲಿ ಹೇಳಿ ಕಳಿಸಿದ್ದೆ. “ಮೀಟಿಂಗ್ ಮುಗಿಸ್ಕೊಂಡು ಬತ್ತೀನಿ ಅಂದ್ರು” ಎಂದು ಅವನು ಬಂದು ಹೇಳಿದ. ರಸ್ತೆಯಲ್ಲಿ ಜೀಪಿನ ಸದ್ದಾದಾಗಲೆಲ್ಲ ಅವ್ವ, “ಕೋದಂಡ ಬಂದ್ನೇನ್ಲಾ, ನೋಡ್ಲಾ” ಎನ್ನುತ್ತಿದ್ದಳು. ಆಮೇಲೆ ಬಂದ ನಿನ್ನ ಕಾಗದದಲ್ಲಿ, ಹೇಗಿದ್ದಾಳೆ ಎಂಬ ಒಂದು ಮಾತೂ ಇರಲಿಲ್ಲ. ನಿನ್ನ ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳು ಅವಳು. ದತ್ತು ಎಂಬ ಮಾತು ಅವಳ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ಮಣ್ಣಿನಲ್ಲಿ ಮೊದಲ ಹಿಡಿ ದೊಡ್ಡ ಮಗನದು. ದೊಡ್ಡವನು ನೀನು. ಬರುತ್ತೇನೆ ಎಂದಿದ್ದೀಯಲ್ಲ ಎಂದು ಜನ ರಸ್ತೆ ನೋಡಿಕೊಂಡು ಕಾದರು. ಕೊನೆಗೆ ನಿನ್ನ ಹಿಡಿಯನ್ನೂ ನಾನೇ ಹಾಕಿದೆ.