ನಾನಿಲ್ಲದ ಪಂದ್ಯ

೧೯ ಆಗಸ್ಟ್ ೧೯೮೩, ಶುಕ್ರವಾರ

ಮೈಸೂರಿನ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟಿಗೆ ನಮ್ಮ ತಂಡದಿಂದ ಹತ್ತು ಹುಡುಗಿಯರು ಹೋಗುತ್ತಾರೆ. ಹೊರಗುಳಿದ ಹನ್ನೊಂದನೆಯವಳು ನಾನು, ಎರಡು ವರ್ಷದಿಂದ ಕ್ಯಾಪ್ಟನ್ ಆಗಿದ್ದವಳು.

ಯಾರ ಮೇಲೆ ಸಿಟ್ಟು ಮಾಡಲಿ? ಶಿಫಾರಸು ಬೇಡ, ಪಾಯಿಂಟಿನ ಸರಾಸರಿ ನೋಡಿ ಆರಿಸಿ ಎಂದು ಕೋಚ್ ಯೋಗನರಸಿಂಹ ಸರ್ ಹತ್ತಿರ ಹಟ ಹಿಡಿದವಳು ನಾನೇ. ಬಿ.ಎಸ್ಸಿ.ಯಲ್ಲಿ ಸ್ಟಾಟಿಸ್ಟಿಕ್ಸ್ ಓದುವ ಜಂಬ. ಸ್ಕೋರ್ ಶೀಟುಗಳನ್ನೆಲ್ಲ ಮನೆಗೆ ತಂದು ಲೆಕ್ಕ ಹಾಕಿದವಳೂ ನಾನೇ. ಅಖ್ತರ್ ಬಾನು ಮೊದಲು, ನಾನು ಕೊನೆ. ಮತ್ತೆ ಕೂಡಿ ನೋಡಿದೆ. ತಪ್ಪಿಲ್ಲ.

"ನೀನೇ ಹಾಕಿದ ಲೆಕ್ಕ ಕಣಮ್ಮ, ನಾನೇನ್ ಮಾಡ್ಲಿ?" ಎಂದರು ಸರ್, ಬೂಟಿನ ಲೇಸು ಕಟ್ಟಿಕೊಳ್ಳುತ್ತಾ.

ಬ್ಯಾಸ್ಕೆಟ್ ಹಾಕಿದವಳ ಹೆಸರನ್ನು ಶೀಟಿನಲ್ಲಿ ಬರೆಯುತ್ತಾರೆ. ಚೆಂಡು ಕೊಟ್ಟವಳ ಹೆಸರನ್ನು ಬರೆಯುವುದಿಲ್ಲ. ಸೋಲುವ ಹೊತ್ತಿನಲ್ಲಿ ಗಂಟಲು ಹರಿದುಕೊಂಡು ಕೂಗಿ ತಂಡವನ್ನು ಎಬ್ಬಿಸಿದವಳಿಗೂ ಅಲ್ಲಿ ಜಾಗವಿಲ್ಲ.

ಬಸ್ ಸ್ಟ್ಯಾಂಡಿನ ತನಕ ಅಖ್ತರ್ ಅಳುತ್ತಲೇ ಬಂದಳು. "ಕೌಸಲ್ಯಾ, ನೀನಿಲ್ದೆ ನಂಗೆ ಬಾಲ್ ಯಾರ್ ಕೊಡ್ತಾರೆ ಕಣೇ?" ನಾನು ಅಳಲಿಲ್ಲ. ನಮ್ಮೂರು ಗುಬ್ಬಿಯ ಬಸ್ ಹತ್ತಿ ಕಿಟಕಿಯ ಕಡೆ ತಿರುಗಿಕೊಂಡೆ.

ಊಟ ಸೇರಲಿಲ್ಲ. ತಲೆನೋವು ಎಂದು ಅಮ್ಮನಿಗೆ ಹೇಳಿದೆ. ಆಮೇಲೆ ಇನ್ನೊಂದು ಲೆಕ್ಕ ಹೊಳೆಯಿತು. ನಾನು ಆಡಿದಾಗ ತಂಡ ಎಷ್ಟು ಗೆದ್ದಿದೆ, ಆಡದಿದ್ದಾಗ ಎಷ್ಟು? ಹೋಲಿಸಲು ಆಗಲಿಲ್ಲ. ಈ ಎರಡು ವರ್ಷದಲ್ಲಿ ನಾನಿಲ್ಲದೆ ಒಂದು ಪಂದ್ಯವೂ ನಡೆದಿಲ್ಲ. ಜ್ವರದಲ್ಲೂ ಆಡಿದ್ದೇನೆ.

ನಾನಿಲ್ಲದ ಮೊದಲನೆಯ ಪಂದ್ಯ ಮೈಸೂರಿನಲ್ಲಿ, ಭಾನುವಾರ.

ನನ್ನ ಬೆಲೆ ಏನೆಂದು ಗೊತ್ತಾಗಬೇಕಾದರೆ ಅವರು ಸೋಲಬೇಕು. ಅಖ್ತರ್ ಸೋಲಬೇಕು. ನಾಳೆ ಬೆಳಗ್ಗೆ ಅವಳನ್ನು ಬಸ್ ಹತ್ತಿಸಲು ಹೋಗಬೇಕು, ಗೆದ್ದು ಬಾ ಅನ್ನಬೇಕು, ಯಾವ ಬಾಯಲ್ಲಿ ಅನ್ನಲಿ?