ಸತ್ತವನಿಗೆ ಮೂವತ್ತು ದಿನಗಳ ನೋಟಿಸು

ದೋಣಿ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳೇ,

ಸುಪೀರಿಯರ್ ಸರೋವರದಲ್ಲಿ ಮುಳುಗಿ ಸತ್ತ ನನ್ನ ಅಣ್ಣನಿಗೆ ನೀವು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿದ್ದೀರಿ. ಮೂವತ್ತು ದಿನಗಳೊಳಗೆ ಖುದ್ದು ಹಾಜರಾಗಿ ತನ್ನ ದೋಣಿಯ ಮೇಲಿನ ಹಕ್ಕನ್ನು ತಿಳಿಸಬೇಕಂತೆ. ಸಹಿ ಹಾಕಿ ಅದನ್ನು ಪಡೆದವಳು ಎಂಬತ್ತೊಂದು ವರ್ಷದ ನಮ್ಮ ತಾಯಿ.

ಅಣ್ಣ ತೈಸ್ತೋ ಎರಡು ವರ್ಷದ ಹಿಂದೆ, ಅಕ್ಟೋಬರಿನ ಒಂದು ಭಾನುವಾರ, ತನ್ನ ಹದಿನಾರು ಅಡಿಯ ದೋಣಿಯಲ್ಲಿ ಮೀನಿಗೆ ಹೋದ. ದೋಣಿ ಮಾತ್ರ ದಡಕ್ಕೆ ಬಂತು. ಆ ಕೊರೆಯುವ ನೀರು ಹೆಣವನ್ನು ಹಿಂದಕ್ಕೆ ಕೊಡುವುದಿಲ್ಲವೆಂದು ಇಲ್ಲಿ ಎಲ್ಲರಿಗೂ ಗೊತ್ತು, ಅಮ್ಮನೊಬ್ಬಳನ್ನು ಬಿಟ್ಟು. ಒಂದೂವರೆ ವರ್ಷ ಕಾದಳು. ಕಳೆದ ಮೇ ತಿಂಗಳಲ್ಲಿ ಅವನ ಉಣ್ಣೆಯ ಕೋಟನ್ನು ಗೂಟದಿಂದ ತೆಗೆದು ಚರ್ಚಿಗೆ ಕೊಟ್ಟು ಬಂದಳು. "ಆ ದೋಣಿನೂ ಅಂಗಳದಿಂದ ತೆಗೆಸ್ಬಿಡೇ. ಕಿಟಕಿ ಹತ್ರ ನಿಂತ್ರೆ ಅದೇ ಕಾಣುತ್ತೆ" ಎಂದಳು. ಪಕ್ಕದ ಮನೆಯ ಐನೋ ಕೊಳ್ಳಲು ಸಿದ್ಧನಿದ್ದ. ಆದರೆ ಹಕ್ಕುಪತ್ರ ಅಣ್ಣನ ಹೆಸರಿನಲ್ಲಿತ್ತು. ಹಾಗಾಗಿ ನಿಮ್ಮ ಘನ ಕಚೇರಿಯ ಮೆಟ್ಟಿಲು ಹತ್ತಿದೆ.

"ಮಾಲೀಕರೇ ಬಂದು ಸಹಿ ಹಾಕ್ಬೇಕಲ್ಲಮ್ಮ" ಎಂದರು ನಿಮ್ಮ ಗುಮಾಸ್ತರು.

"ಅವನು ಸತ್ತಿದಾನೆ ಸ್ವಾಮಿ. ನೋಡಿ, ಕೋರ್ಟು ಕೊಡಿಸಿದ ಮರಣ ಪ್ರಮಾಣಪತ್ರ."

ಅವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು. "ಸರಿ, ಸತ್ತಿದಾರೆ. ಒಪ್ಪಿದೆ. ಆದ್ರೆ ಇದು ಸಹಿ ಅಲ್ವಲ್ಲ? ನೋಟಿಸು ಕಳಿಸ್ತೀವಿ. ಉತ್ತರ ಬರದಿದ್ರೆ ನಿಮ್ಮ ಹೆಸರಿಗೆ."

ಎಂಥ ಮುಂದಾಲೋಚನೆ! ಸತ್ತವನು ತಕರಾರು ತೆಗೆದರೆ ಏನು ಗತಿ ಎಂಬ ಚಿಂತೆ ನಿಮ್ಮನ್ನು ಬಿಟ್ಟು ಇನ್ನಾರಿಗೆ ಬಂದೀತು? ನೋಟಿಸು ಕಳಿಸಿದ್ದು ಅವನ ಕೊನೆಯ ವಿಳಾಸಕ್ಕೆ, ಅಂದರೆ ಅಮ್ಮನ ಮನೆಗೆ. ಆ ಲಕೋಟೆಯನ್ನು ತೆರೆಯುವವರು ಯಾರೆಂದು ಯೋಚಿಸಲು ನಿಮ್ಮ ನಿಯಮಾವಳಿಯಲ್ಲಿ ಅವಕಾಶವಿಲ್ಲವೇ?

"ಖುದ್ದು ಬಾ ಅಂತ ಸರ್ಕಾರದೋರು ಸುಮ್‌ಸುಮ್ನೆ ಬರೀತಾರೇನೇ? ಮೊಹರು ನೋಡು" ಎಂದಳು ಅಮ್ಮ. ಮರಣ ಪ್ರಮಾಣಪತ್ರ ತೋರಿಸಿದೆ. "ಅದು ಹಳೇದು ಕಣೇ. ಇದು ಮೊನ್ನೇದು."

ಆ ಮೂವತ್ತು ದಿನವೂ ಬೆಳಿಗ್ಗೆ ಮೇಜಿನ ಮೇಲೆ ಅವನ ಲೋಟಕ್ಕೆ ಕಾಫಿ ಬಿತ್ತು. ಶನಿವಾರ ಬಂದರೆ ಬರ್ಚ್ ಸೌದೆ ಹೊತ್ತು ತಂದು ಅವನಿಗಾಗಿ ಸೌನಾದ ಹಬೆಕೋಣೆ ಕಾಯಿಸಿದಳು, ಬೆವರಿ ಮೀಯುವುದೆಂದರೆ ಅವನಿಗೆ ಪ್ರಾಣ. ಮೂರನೆಯ ಶನಿವಾರ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ನಾಲ್ಕನೆಯ ಶನಿವಾರ ಒಂದೇ ಕೈಯಲ್ಲಿ ಸೌದೆ ಹೊತ್ತಳು. ಚರ್ಚಿಗೆ ಹೋಗಿ ಕೋಟು ವಾಪಸು ಕೇಳಿದಳು. ಅದು ಯಾರಿಗೋ ಹೋಗಿಬಿಟ್ಟಿತ್ತು.

ಗಡುವು ಮುಗಿದ ಮೂರನೆಯ ದಿನ ಹಕ್ಕುಪತ್ರ ನನ್ನ ಹೆಸರಿಗೆ ಬಂತು. "ಹಿಂದಿನ ಮಾಲೀಕರು ಯಾವುದೇ ಆಕ್ಷೇಪಣೆ ಸಲ್ಲಿಸಿರುವುದಿಲ್ಲ" ಎಂದು ಬರೆದಿದ್ದೀರಿ. ಅಣ್ಣನ ಸೌಜನ್ಯವನ್ನು ಗುರುತಿಸಿದ್ದಕ್ಕೆ ಕೃತಜ್ಞತೆಗಳು. ಅಮ್ಮ ಅದನ್ನು ಓದಿದಳು.

"ಇನ್ನೊಂದು ವಾರ ತಡೆಯೋಕಾಗ್ಲಿಲ್ವಾ ನಿಂಗೆ? ಬಂದು ಕೇಳಿದ್ರೆ ಏನು ಹೇಳ್ಲಿ ಅವನಿಗೆ?"

ಅಂದಿನಿಂದ ನನ್ನ ಜೊತೆ ಮಾತಿಲ್ಲ. ದೋಣಿ ಅಂಗಳದಲ್ಲೇ ಇದೆ. ಐನೋ ಹತ್ತಿರ ಬಂದರೆ ಕೋಲು ಹಿಡಿದು ಓಡಿಸುತ್ತಾಳೆ.

ಪರಿಹಾರ ಬೇಡ, ಕ್ಷಮೆಯೂ ಬೇಡ. ಇನ್ನೊಂದು ನೋಟಿಸು ಕಳಿಸಿ. ಅದೇ ವಿಳಾಸಕ್ಕೆ, ಅದೇ ಲಕೋಟೆಯಲ್ಲಿ, ಅದೇ ಮೊಹರು ಒತ್ತಿ, ಈ ಸಲ ಅಮ್ಮನ ಹೆಸರಿಗೆ. ನಿಮ್ಮ ಮಗ ಬರುವುದಿಲ್ಲ ಎಂದು ಬರೆಯಿರಿ. ನಾನು ಹೇಳಿದರೆ ನಂಬುವುದಿಲ್ಲ. ನೀವು ಹೇಳಿದರೆ ನಂಬುತ್ತಾಳೆ.

ಇಂತಿ,
ನಿಮ್ಮ ದಾಖಲೆಯಲ್ಲಿ ದೋಣಿಯ ಮಾಲೀಕಳು,
ಅಮ್ಮನ ಲೆಕ್ಕದಲ್ಲಿ ಅಣ್ಣನ ದೋಣಿ ಕದ್ದವಳು,
ಇಂಪಿ ನಿಸ್ಕಲಾ